ಅಪ್ಪನ ಚಪ್ಪಲಿ ಕಾವಲು

ಮದುವೆಮನೆಗಾಗಲಿ ತಿಥಿಮನೆಗಾಗಲಿ ಹೋದಾಗ ನಾನು ಚಪ್ಪಲಿಯನ್ನು ಜೊತೆಯಾಗಿ ಬಿಡುವುದಿಲ್ಲ. ಎಡಗಾಲಿನದು ಬಾಗಿಲ ಈ ಕಡೆ, ಬಲಗಾಲಿನದು ಹೂಕುಂಡದ ಆ ಕಡೆ. ಕದಿಯುವವನು ಎಷ್ಟೇ ಚಾಲಾಕಿಯಾದರೂ ಒಂಟಿ ಚಪ್ಪಲಿ ಇಟ್ಟುಕೊಂಡು ಏನು ಮಾಡಿಯಾನು ಎಂಬ ಲೆಕ್ಕಾಚಾರ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಇದನ್ನು ಕಂಡು ನಗುತ್ತಿದ್ದರು. ಈಗ ಅವರದನ್ನೂ ನಾನೇ ದಿಕ್ಕಿಗೊಂದು ಮಾಡಿ ಒಳಗೆ ಹೋಗುತ್ತೇನೆ, ಅವರು ಊಟ ಮುಗಿಸಿ ಬಂದು ಹುಡುಕುತ್ತಾರೆ. ಮೊನ್ನೆ ಪಕ್ಕದ ಬೀದಿಯ ಗೃಹಪ್ರವೇಶದಲ್ಲಿ ನನ್ನ ಬಲಗಾಲಿನದನ್ನು ಎಲ್ಲಿಟ್ಟೆನೆಂದು ನಾನೇ ಮರೆತು, ತಾಂಬೂಲದ ಚೀಲ ಹಿಡಿದುಕೊಂಡು ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತಿದ್ದೆ. ಆಗ ಇದೆಲ್ಲ ಅಪ್ಪ ಕಲಿಸಿದ ಪಾಠ ಎಂಬುದು ನೆನಪಾಯಿತು. ಚಪ್ಪಲಿಯೇನೋ ಆಮೇಲೆ ಸಿಕ್ಕಿತು, ಅಪ್ಪ ಮಾತ್ರ ತಲೆಯಿಂದ ಇಳಿಯಲಿಲ್ಲ.

ನಮ್ಮಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತನಾಗಿದ್ದು ನಿವೃತ್ತನಾದವನು. ಅದು ಸರ್ಕಾರ ಕೊಟ್ಟ ಕೆಲಸ. ತಾನೇ ತನಗೆ ಕೊಟ್ಟುಕೊಂಡ ಇನ್ನೊಂದು ಕೆಲಸವಿತ್ತು, ಅದರಿಂದ ಅವನು ನಿವೃತ್ತನಾಗಲಿಲ್ಲ. ಅದೇ ಚಪ್ಪಲಿ ಕಾಯುವುದು.

ಜಂಕ್ಷನ್ ಊರಿನಲ್ಲಿ ಮನೆ ಮಾಡಬಾರದು, ಮಾಡಿದರೂ ಸ್ಟೇಷನ್ನಿನ ಹತ್ತಿರ ಮಾಡಬಾರದು ಎಂದು ಅವ್ವ ಹೇಳುತ್ತಿದ್ದಳು. ಹುಬ್ಬಳ್ಳಿಯ ಕಡೆ ಹೋಗುವವರು, ಮೈಸೂರಿನ ಕಡೆ ಹೋಗುವವರು, ಎಲ್ಲಿಗೂ ಹೋಗಲಾಗದೆ ರೈಲು ತಪ್ಪಿಸಿಕೊಂಡವರು, ಎಲ್ಲರಿಗೂ ನಮ್ಮ ಮನೆಯೇ ವೇಟಿಂಗ್ ರೂಮು. ಬಂದವರು ಮುಖ ತೊಳೆದು, ಕಾಫಿ ಕುಡಿದು, ಕಾಲು ಚಾಚಿ ಕೂತು, "ಬೇಲೂರು ಹಳೇಬೀಡು ಇಲ್ಲಿಗೆ ಹತ್ರ ಅಲ್ವಾ?" ಅನ್ನುವರು. ಈ ಪ್ರಶ್ನೆ ಬಂತೆಂದರೆ ಆ ಭಾನುವಾರ ನಮ್ಮದಲ್ಲ. ನಮ್ಮೂರಲ್ಲೇ ಇರುವ ಶಿವಾಲಯವೂ ಅದೇ ಕಾಲದ್ದು, ಮೂಲೆ ಮೂಲೆಯಾಗಿ ನಕ್ಷತ್ರದಂತೆ ಕಟ್ಟಿದ್ದು, ನಡೆದುಕೊಂಡೇ ಹೋಗಿ ಬರಬಹುದು. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ಹೀಗೆ ದೊಡ್ಡಮ್ಮನ ಮಕ್ಕಳು, ಚಿಕ್ಕಪ್ಪನ ಷಡ್ಡಕರು, ಮಸ್ಕತ್ತಿನಲ್ಲಿದ್ದ ಸೋದರಮಾವ ತನ್ನ ಜೊತೆ ಕರೆತಂದ ಕೇರಳದ ಸ್ನೇಹಿತರು, ಎಲ್ಲರಿಗೂ ತೋರಿಸಿ ತೋರಿಸಿ ನನಗೆ ಆ ದಾರಿಯ ಗುಂಡಿಗಳೆಲ್ಲ ಬಾಯಿಪಾಠವಾಗಿದ್ದವು.

ಈ ಯಾತ್ರೆಗೆ ಅಪ್ಪನದೇ ಒಂದು ಕ್ರಮವಿತ್ತು. ಬಾಣಾವರ, ಜಾವಗಲ್ಲಿನ ಮೇಲೆ ಹೋದರೆ ಹಳೇಬೀಡು ಮೊದಲು ಸಿಗುತ್ತದೆ. ಆದರೆ ಅಲ್ಲಿ ನಿಲ್ಲಿಸುವ ಹಾಗಿಲ್ಲ. ಮೊದಲು ಬೇಲೂರು, ಅಲ್ಲೇ ಊಟ, ವಾಪಸು ಬರುವಾಗ ಬಿಸಿಲು ಇಳಿದ ಮೇಲೆ ಹಳೇಬೀಡು. ಇಲ್ಲದಿದ್ದರೆ ಕಾದ ಹಾಸುಗಲ್ಲಿನ ಮೇಲೆ ಬಂದವರು ಕುಣಿಯಬೇಕಾಗುತ್ತದೆ ಎಂದು ಅವನ ವಾದ. ಬಾಣಾವರ ದಾಟುತ್ತಿದ್ದಂತೆ ಅವನು ಗಾಡಿಯ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಕೂತು ವಿವರಣೆ ಶುರು ಮಾಡುತ್ತಿದ್ದ. "ಹಳೇಬೀಡಿಂದು ಬುಡದಿಂದ ನೋಡ್ಕೊಂಡು ಬರ್ಬೇಕು ಕಣ್ರೀ. ಕೆಳಗಡೆ ಆನೆ ಸಾಲು. ಅದರ ಮ್ಯಾಲೆ ಸಿಂಹ. ಅದರ ಮ್ಯಾಲೆ ಬಳ್ಳಿ. ಆಮೇಲೆ ಕುದುರೆ ಸವಾರರು. ಇಡೀ ಗುಡಿ ಸುತ್ತಾಕೊಂಡು ಬರ್ತವೆ." ಕೈಯಲ್ಲೇ ಆನೆ, ಕೈಯಲ್ಲೇ ಬಳ್ಳಿ ಮಾಡಿ ತೋರಿಸುವನು. ಕೇಳಿದವರು ಇವರಿಗೆ ಎಷ್ಟು ಗೊತ್ತಪ್ಪಾ ಎಂದು ಬೆರಗಾಗುತ್ತಿದ್ದರು. ಮನೆಯವರಾದ ನಾವು ಕಿಟಕಿಯ ಕಡೆ ಮುಖ ಮಾಡಿ ನಗು ನುಂಗುತ್ತಿದ್ದೆವು. ಏಕೆಂದರೆ ಅಪ್ಪ ಆ ಗುಡಿಗಳ ಒಳಗೆ ಒಂದು ಸಲವೂ ಕಾಲಿಟ್ಟವನಲ್ಲ.

ಗಾಡಿ ನಿಂತಿತೋ, ಅಪ್ಪ ಎಲ್ಲರಿಗಿಂತ ಮೊದಲು ಇಳಿದು ಬಾಗಿಲಿನ ಬದಿಯಲ್ಲಿ ಒಂದು ನೆರಳು ಹಿಡಿಯುತ್ತಿದ್ದ. ಹಳೆಯ ಪೇಪರು ಹಾಸಿ, "ಇಲ್ಲಿ ಬಿಡ್ರಿ, ಇಲ್ಲಿ ಬಿಡ್ರಿ" ಎಂದು ಚಪ್ಪಲಿಗಳನ್ನೆಲ್ಲ ಸೇರಿಸುವನು. ಹೆಂಗಸರದು ಒಂದು ಕಡೆ, ಗಂಡಸರದು ಒಂದು ಕಡೆ. ಬೂಟುಗಳ ಲೇಸನ್ನು ಜೊತೆ ಮಾಡಿ ಗಂಟು ಹಾಕುವನು. ಚಪ್ಪಲಿ ಸ್ಟ್ಯಾಂಡಿದೆ, ಟೋಕನ್ ಕೊಡುತ್ತಾರೆ ಎಂದರೆ, "ನಮ್ಮ ಕಾಲು ತಗೊಂಡೋಗಿ ಇನ್ನೊಬ್ರ ಕೈಗೆ ಕೊಡಕಾಯ್ತದಾ?" ಅನ್ನುವನು. ಒಂದು ಸಲ ದಾವಣಗೆರೆಯ ಕಡೆಯ ಶಾಲೆಯ ಮಕ್ಕಳು ಪ್ರವಾಸ ಬಂದಿದ್ದವು. ಅಪ್ಪ ಕೂತಿದ್ದ ಗತ್ತು ನೋಡಿ ಇದೇ ಸ್ಟ್ಯಾಂಡಿರಬೇಕೆಂದು ಅಷ್ಟೂ ಮಕ್ಕಳು ಅವನ ಮುಂದೆಯೇ ಬೂಟು ಕಳಚಿ ಓಡಿಬಿಟ್ಟವು. ನಾವು ಹೊರಗೆ ಬಂದಾಗ ಅಪ್ಪ ಎದೆಮಟ್ಟ ಕಪ್ಪು ಬೂಟುಗಳ ನಡುವೆ ಕೂತಿದ್ದ, ಮುಂದೆ ನಿಂತ ಮೇಷ್ಟ್ರು ಒಂದು ಕಾಲುಚೀಲ ಕಡಿಮೆಯಿದೆ ಎಂದು ಅವನನ್ನು ಗದರುತ್ತಿದ್ದರು. ಅಪ್ಪ ಒಂದು ಮಾತೂ ತಿರುಗಿ ಹೇಳದೆ ಕಾಲುಚೀಲ ಹುಡುಕಿ ಕೊಟ್ಟ. ಆಮೇಲೆ ದಾರಿಯುದ್ದಕ್ಕೂ ಅವ್ವ ಆ ಮೇಷ್ಟ್ರನ್ನು ಬಯ್ದಳು.

ಅವನು ಯಾಕೆ ಒಳಗೆ ಬರುವುದಿಲ್ಲ ಎಂಬುದಕ್ಕೆ ಮನೆಯಲ್ಲಿ ತಲೆಗೊಂದು ಕಾರಣವಿತ್ತು. ಅಪ್ಪ ಪ್ರಾಯದಲ್ಲೇ ದೀಕ್ಷೆ ತೆಗೆದುಕೊಂಡು ಬೌದ್ಧನಾದವನು, ಗುಡಿಗಳ ಸಹವಾಸ ಬೇಡವೆಂದು ಇರಬಹುದು ಎಂದು ನಾನು ತಿಳಿದಿದ್ದೆ. ಗಂಡಸಿ ಊರಿನ ಕಡೆಯವಳಾದ ಅವ್ವ ತನ್ನ ದೇವರುಗಳನ್ನು ಬಿಟ್ಟವಳಲ್ಲ. ನಮ್ಮ ಮನೆಯ ಗೂಡಿನಲ್ಲಿ ಬುದ್ಧನೂ ಚೆನ್ನಕೇಶವನೂ ಒಂದೇ ಎಣ್ಣೆಯ ಬೆಳಕಿನಲ್ಲಿ ಬಾಳುವೆ ಮಾಡುತ್ತಿದ್ದರು. ಅವಳ ಪ್ರಕಾರ ಅಪ್ಪನದು ಸಿದ್ಧಾಂತವೂ ಅಲ್ಲ, ಮಣ್ಣೂ ಅಲ್ಲ, ಬರೀ ಮೈಗಳ್ಳತನ. ನನ್ನ ತಂಗಿ ರೇಣುವಿನ ಪ್ರಕಾರ ಅವನಿಗೆ ಒಬ್ಬನೇ ಕೂತು ಕಡಲೆಕಾಯಿ ತಿನ್ನುವ ಆಸೆ. ಅಪ್ಪನನ್ನೇ ಕೇಳಿದರೆ, "ಎಲ್ರೂ ಒಳಗೋದ್ರೆ ಚಪ್ಪಲಿ ಯಾರು ನೋಡ್ಕತಾರೆ?" ಎಂದು ನಮ್ಮನ್ನೇ ಕೇಳುತ್ತಿದ್ದ.

ರೇಣು ನರ್ಸಿಂಗ್ ಓದಿ ಸಿಂಗಪುರದ ಆಸ್ಪತ್ರೆಗೆ ಸೇರಿದಳು. ಅಲ್ಲಿ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ನಿಮಲ್ ಎಂಬ ಹುಡುಗನನ್ನು ಮೆಚ್ಚಿದಳು. ಹುಡುಗ ಶ್ರೀಲಂಕಾದ ಕ್ಯಾಂಡಿಯವನು, ಬೌದ್ಧ. ಊರು ದೂರ, ಭಾಷೆ ಬೇರೆ ಎಂದು ಅವ್ವ ಎರಡು ದಿನ ಅತ್ತಳು. ಅಪ್ಪ ಮಾತ್ರ ಫೋಟೋ ನೋಡಿ, "ಹುಡುಗನ ಮುಖ ಚೆನ್ನಾಗೈತೆ, ನಮ್ಮ ಧಮ್ಮದೋನು, ಇನ್ನೇನು" ಎಂದು ಒಪ್ಪಿದ. ಹೀಗೆ ಅರಸೀಕೆರೆಯ ಸ್ಟೇಷನ್ ರಸ್ತೆಯಿಂದ ಆಚೆ ನೆಂಟಸ್ತನ ಗೊತ್ತಿಲ್ಲದ ನಮಗೆ ಏಷ್ಯಾದಲ್ಲೆಲ್ಲ ಬಂಧುಬಳಗವಾಯಿತು, ಪಾಸ್‌ಪೋರ್ಟಿನ ಫೋಟೋ ತೆಗೆಸುವಾಗ ಅವ್ವ ಮದುವೆಗೆ ಹೊರಟ ಹಾಗೆ ಹೂ ಮುಡಿದು ಬಂದಳು.

ಮೊದಲ ಪ್ರಯಾಣ ಸಿಂಗಪುರಕ್ಕೆ. ರೇಣುವಿನದು ಎಷ್ಟನೆಯದೋ ಮಹಡಿಯ ಮನೆ. ಅಲ್ಲಿ ಎಲ್ಲರೂ ಚಪ್ಪಲಿ, ಬೂಟುಗಳನ್ನು ಬಾಗಿಲ ಹೊರಗೆ, ಎಲ್ಲರೂ ಓಡಾಡುವ ವರಾಂಡದಲ್ಲೇ ಬಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ಸಾಲು ಮನೆಗಳ ಮುಂದೆ ಸಾಲು ಬೂಟುಗಳು, ಕಾಯುವವರು ಒಬ್ಬರೂ ಇಲ್ಲ. ಅಪ್ಪನಿಗೆ ಅಲ್ಲಿನ ಎತ್ತರದ ಕಟ್ಟಡ, ಸಮುದ್ರ, ಹಕ್ಕಿಗಳ ತೋಟ ಯಾವುದೂ ಆಶ್ಚರ್ಯವಾಗಲಿಲ್ಲ, ಇದೊಂದು ಆಯಿತು. ಮೊದಲ ದಿನವೇ ಅಷ್ಟನ್ನೂ ಎತ್ತಿ ಒಳಗೆ ತಂದು ಸೋಫಾದ ಕೆಳಗೆ ಸೇರಿಸಿದ. "ಅಪ್ಪಾ, ಇಲ್ಲಿ ಯಾರೂ ತಗೊಂಡು ಹೋಗಲ್ಲ" ಎಂದು ರೇಣು ಹೇಳಿದಳು. "ಯಾರೂ ತಗೊಂಡೋಗಲ್ಲ ಅಂತ ಅಂದೋರ ಮನೇದೇ ಮೊದ್ಲು ಹೋಗೋದು" ಅಂದ ಅಪ್ಪ. ಅವನ ಉತ್ಸಾಹದಲ್ಲಿ ಪಕ್ಕದ ಮನೆಯ ಚೀನೀ ಅಜ್ಜಿಯ ಸ್ಲಿಪ್ಪರೂ ನಮ್ಮ ಸೋಫಾದ ಕೆಳಗೆ ಬಂದಿತ್ತು. ಬೆಳಿಗ್ಗೆ ಆ ಅಜ್ಜಿ ಬರಿಗಾಲಲ್ಲಿ ವರಾಂಡವೆಲ್ಲ ಹುಡುಕುತ್ತಿದ್ದುದನ್ನು ನೋಡಿ ರೇಣು ತಲೆ ತಲೆ ಚಚ್ಚಿಕೊಂಡಳು.

ಆದರೆ ನಾನು ಹೇಳಬೇಕೆಂದು ಹೊರಟಿದ್ದು ಕ್ಯಾಂಡಿಯ ವಿಷಯ. ಮದುವೆಯ ಮರುವರ್ಷ ಬೀಗರ ಮನೆ ನೋಡಲು ಹೋದೆವು. ನಿಮಲ್‌ನ ತಂದೆ ತೀರಿಹೋಗಿದ್ದಾರೆ. ತಾಯಿ ಸೋಮಾ ಅಮ್ಮ, ಅಪ್ಪನ ವಾರಗೆಯವರು, ಸೊಂಟದ ಹತ್ತಿರ ನಿರಿಗೆ ಹೊರಚೆಲ್ಲುವ ಹಾಗೆ ಬಿಳಿ ಸೀರೆ ಉಡುವವರು. ಅವರಿಗೆ ಸಿಂಹಳ ಬಿಟ್ಟರೆ ಅಷ್ಟಿಷ್ಟು ಇಂಗ್ಲಿಷು. ಅಪ್ಪನದು ಸ್ಟೇಷನ್ ಇಂಗ್ಲಿಷು, ಕ್ಯೂ ನಿಲ್ಲಿ, ಚಿಲ್ಲರೆ ಕೊಡಿ ಎಂಬುದರಾಚೆಗೆ ಅದು ಬೆಳೆದಿರಲಿಲ್ಲ. ಆದರೂ ರೇಣು ಹೇಳಿಕೊಟ್ಟಿದ್ದಳೆಂದು ಅವರು ಅಪ್ಪನನ್ನು ಬಾಯಿತುಂಬ "ಬೀಗ್ರೇ" ಎಂದು ಕರೆದರು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಬಡಿಸಿದಾಗ ಅವ್ವ ನನ್ನ ಕಿವಿಯಲ್ಲಿ, "ಇಷ್ಟು ಕಾಯಿ ಹಾಕ್ತಾರೆ ಅಂದ್ರೆ ಇವ್ರು ನಮ್ಮ ಕಡೇರೇ ಕಣೇ" ಅಂದಳು. ಅಲ್ಲಿಗೆ ಅವಳ ಎರಡು ದಿನದ ಅಳು ಪೂರ್ತಿ ಒಣಗಿತು.

ಮಾರನೆಯ ದಿನ ಬುದ್ಧನ ಹಲ್ಲನ್ನು ಇಟ್ಟು ಪೂಜಿಸುವ ಅಲ್ಲಿನ ದೊಡ್ಡ ಗುಡಿಗೆ ಹೋದೆವು. ಸೋಮಾ ಅಮ್ಮ ಬೆಳಿಗ್ಗೆಯೇ ಎದ್ದು ನೈದಿಲೆ ಹೂಗಳ ಎರಡು ತಟ್ಟೆ ಸಿದ್ಧ ಮಾಡಿದ್ದರು, ಒಂದು ತಮಗೆ, ಒಂದು ಬೀಗರಿಗೆ. ಬೀಗರು ಬೌದ್ಧರು, ಇಷ್ಟು ದೂರ ಬಂದಿದ್ದಾರೆ, ತಮ್ಮ ಕೈಯಾರೆ ಹೂ ಕೊಟ್ಟು ಇಬ್ಬರೂ ಒಟ್ಟಿಗೆ ಇಡಬೇಕು ಎಂದು ಅವರ ಆಸೆ. ನಾವೆಲ್ಲ ಚಪ್ಪಲಿ ಬಿಟ್ಟು ಜನರ ಸಾಲಿನಲ್ಲಿ ಸೇರಿಕೊಂಡೆವು. ಒಳಗೆ ಹೋಗಿ ತಿರುಗಿ ನೋಡಿದರೆ ಅಪ್ಪ ಇಲ್ಲ. ಸೋಮಾ ಅಮ್ಮ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಸಾಲಿನಿಂದ ಪಕ್ಕಕ್ಕೆ ಸರಿದು ನಿಂತರು. ಹಿಂದಿನವರೆಲ್ಲ ಮುಂದೆ ಹೋದರು. ಅವರು ನಿಂತೇ ಇದ್ದರು. ಕೊನೆಗೆ ನಿಮಲ್ ಒತ್ತಾಯ ಮಾಡಿದ ಮೇಲೆ ತಮ್ಮ ತಟ್ಟೆಯ ಹೂವಿಟ್ಟು, ಇನ್ನೊಂದನ್ನು ಹಾಗೆಯೇ ಹೊರಗೆ ತಂದರು.

ಅಪ್ಪ ಎಲ್ಲಿದ್ದನೆಂದು ಬೇರೆ ಹೇಳಬೇಕಾಗಿಲ್ಲ. ಗೋಡೆಯ ಬದಿಯ ನೆರಳಿನಲ್ಲಿ ಪೇಪರು ಹಾಸಿ ಕೂತಿದ್ದ. ತನ್ನ ಧಮ್ಮದ ಅಷ್ಟು ದೊಡ್ಡ ಗುಡಿಯ ಬಾಗಿಲಿಗೆ ಬಂದೂ ನಮ್ಮ ಚಪ್ಪಲಿ ಕಾಯುತ್ತಿದ್ದ. ಸೋಮಾ ಅಮ್ಮ ಹೂವಿನ ತಟ್ಟೆಯನ್ನು ಅವನ ಕೈಗೆ ಕೊಟ್ಟರು. ಅವನು ಗೌರವದಿಂದಲೇ ತೆಗೆದುಕೊಂಡ. ಅಷ್ಟರಲ್ಲಿ ಅವ್ವ ತನ್ನ ಚಪ್ಪಲಿ ಕೊಡಿ ಎಂದಳು, ಇವನ ಕೈ ಖಾಲಿಯಿಲ್ಲ. ಅಪ್ಪ ಆ ತಟ್ಟೆಯನ್ನು ಚಪ್ಪಲಿಗಳ ರಾಶಿಯ ಮೇಲೆ ಇಟ್ಟುಬಿಟ್ಟ.

ಅವ್ವ ಸರಕ್ಕನೆ ತಟ್ಟೆ ಎತ್ತಿಕೊಂಡು ಸೆರಗಿನಿಂದ ಒರೆಸಿದಳು. ಸೋಮಾ ಅಮ್ಮ ನಕ್ಕರು, ಆದರೆ ಆ ನಗು ಬರೀ ತುಟಿಯದು. ಅಲ್ಲಿಂದ ಹೊರಡುವವರೆಗೆ ಅವರ ಉಪಚಾರದಲ್ಲಿ ಕೊರತೆಯಾಗಲಿಲ್ಲ, "ಬೀಗ್ರೇ" ಎಂಬ ಕರೆ ಮಾತ್ರ ನಿಂತುಹೋಯಿತು.

ಇದು ಅಲ್ಲಿಗೇ ಮುಗಿಯಲಿಲ್ಲ. ಹೋದ ವರ್ಷ ರೇಣು ಫೋನು ಮಾಡಿದಾಗ ದನಿ ಸಣ್ಣದಾಗಿತ್ತು. "ಅಕ್ಕಾ, ಅತ್ತೆ ಇನ್ನೂ ಕೇಳ್ತಾರೆ ಕಣೇ. ನಿಮ್ಮಪ್ಪಂಗೆ ನಮ್ಮ ಸಂಬಂಧ ಇಷ್ಟ ಇರ್ಲಿಲ್ಲ, ಅದಕ್ಕೇ ಹಂಗೆ ಮಾಡಿದ್ರು ಅಂತ ಮನಸ್ಸಲ್ಲಿ ಇಟ್ಕೊಂಡ್ಬಿಟ್ಟಿದ್ದಾರೆ. ಇನ್ನುಮೇಲೆ ಅವ್ರು ಸಿಂಗಪುರಕ್ಕೆ ಬಂದು ನಮ್ಮ ಜೊತೇಲೇ ಇರ್ತಾರೆ. ಈ ಮುಳ್ಳು ಇಟ್ಕೊಂಡು ದಿನಾ ಹೇಗೆ ಮುಖ ನೋಡ್ಲಿ? ಡಿಸೆಂಬರಲ್ಲಿ ಕರ್ಕೊಂಡ್ಬರ್ತೀನಿ. ಬೇಲೂರು ಹಳೇಬೀಡು ನೋಡ್ಬೇಕು ಅಂತಿದ್ದಾರೆ. ಈ ಸಲ ಆದ್ರೂ ಅಪ್ಪ ಅವ್ರ ಜೊತೆ ಒಳಗೆ ಬರೋ ಹಾಗೆ ಮಾಡೇ." ಆಗಲಿ ಎಂದೆ. ಫೋನು ಇಟ್ಟ ಮೇಲೆ, ಇಷ್ಟು ವರ್ಷ ಯಾರಿಂದಲೂ ಆಗದ್ದನ್ನು ಆಗಲಿ ಎಂದ ನನ್ನ ಧೈರ್ಯಕ್ಕೆ ನಾನೇ ಬೆರಗಾದೆ.

ಅಪ್ಪನ ಹತ್ತಿರ ಮಾತು ತೆಗೆದೆ. ಬೀಗಿತಿಗೆ ನೋವಾಗಿದೆ ಎಂದು ಕೇಳಿ ಅವನ ಮುಖ ಬಾಡಿತು. "ಹಂಗೆ ತಿಳ್ಕೊಂಡ್ರಾ?" ಎಂದು ಕೇಳಿ, ಎದ್ದು ಹೋಗಿ ತೆಂಗಿನ ಗಿಡಕ್ಕೆ ನೀರು ಬಿಡುತ್ತ ನಿಂತ. ಹಿಂದಿನ ದಿನ ಮಳೆ ಬಂದು ಆ ಗಿಡದ ಬುಡದಲ್ಲಿ ನೀರು ನಿಂತಿತ್ತು.

ಡಿಸೆಂಬರಿನಲ್ಲಿ ರೇಣು, ನಿಮಲ್, ಸೋಮಾ ಅಮ್ಮ ಮೂವರೂ ಮಗುವನ್ನು ಎತ್ತಿಕೊಂಡು ಬಂದರು. ನನ್ನ ಗಂಡನಿಗೆ ರಜೆ ಸಿಗದ್ದರಿಂದ ಉಳಿದ ನಾವು ಏಳು ಜನ, ಡ್ರೈವರನ್ನೂ ಸೇರಿಸಿ ಎಂಟು, ಬಾಡಿಗೆಯ ಗಾಡಿಯಲ್ಲಿ ಹೊರಟೆವು. ಏಳು ಹೇಗಾಯಿತೆಂದರೆ ರೇಣುವಿನ ಮಗಳು ಮಡಿಲಲ್ಲಿದ್ದಳು, ಅವಳಿಗೂ ಒಂದು ಜೊತೆ ಬೆರಳುದ್ದದ ಬೂಟಿದ್ದುದರಿಂದ ಅಪ್ಪ ಅವಳನ್ನು ಲೆಕ್ಕಕ್ಕೆ ಹಿಡಿದಿದ್ದ. ಬಾಣಾವರ ದಾಟಿದ ಮೇಲೆ ಅಪ್ಪ ಹಿಂದಕ್ಕೆ ತಿರುಗಿದ. ಕೆಳಗೆ ಆನೆ, ಅದರ ಮೇಲೆ ಸಿಂಹ. ನಾನು ಇಂಗ್ಲಿಷಿನಲ್ಲಿ ಹೇಳಿದೆ, ನಿಮಲ್ ಸಿಂಹಳದಲ್ಲಿ ಹೇಳಿದ. ಸೋಮಾ ಅಮ್ಮ ಅಪ್ಪನ ಕೈಗಳನ್ನೇ ನೋಡುತ್ತ ಕೇಳಿದರು.

ಬೇಲೂರಿನಲ್ಲಿ ಗೋಪುರದ ಮುಂದೆ ಇಳಿದೆವು. ಅಪ್ಪ ಪೇಪರು ಹಾಸಿದ. ಸೋಮಾ ಅಮ್ಮ ಚಪ್ಪಲಿ ಕಳಚಿ, ಒಳಗೆ ಹೋಗದೆ ಅವನ ಮುಂದೆ ನಿಂತರು. ಅಪ್ಪ ತಲೆ ಎತ್ತದೆ, "ಗೋ ಮೇಡಂ, ಗೋ. ಐ ಸಿಟ್" ಎಂದ. ಅವರು ಹೋದರು. ಕಂಬಗಳ ನಡುವೆ ತಂಪಿನಲ್ಲಿ ನಡೆಯುವಾಗ ನನ್ನನ್ನು ಕೇಳಿದರು, ನಿನ್ನ ತಂದೆ ಯಾಕೆ ಬರಲಿಲ್ಲ? ಮಂಡಿ ನೋವು ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ನನ್ನ ಮುಖ ನೋಡಿ, ಕ್ಯಾಂಡಿಯಲ್ಲೂ ಮಂಡಿ ನೋವೇ ಇತ್ತೇ ಎಂದರು. ಸುಳ್ಳು ಹೇಳುವುದಕ್ಕೂ ತಾಲೀಮು ಬೇಕು, ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂತು ನನಗೆ ಆ ತಾಲೀಮು ತಪ್ಪಿಹೋಗಿದೆ. ಅವ್ವ ಮಾತ್ರ ಇದ್ಯಾವುದೂ ಗೊತ್ತಾಗದೆ ದೇವರ ಮುಂದೆ ಕಣ್ಣು ಮುಚ್ಚಿ ನಮ್ಮ ಕುಟುಂಬದ ಎಲ್ಲರ ಹೆಸರನ್ನೂ ಸಾವಕಾಶವಾಗಿ ಹೇಳುತ್ತಿದ್ದಳು.

ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಊಟಕ್ಕೆ ಕೂತೆವು. ಅನ್ನಕ್ಕೆ ಸಾರು ಬಿದ್ದಿತ್ತು. ಸೋಮಾ ಅಮ್ಮ ತುತ್ತು ಕಲೆಸಿದವರು ಹಾಗೆಯೇ ಬಿಟ್ಟು ಅಪ್ಪನನ್ನು ನೋಡಿ, ಎಷ್ಟೋ ದಿನದ ಮೇಲೆ, "ಬೀಗ್ರೇ" ಎಂದರು. ಆಮೇಲೆ ತಮಗೆ ಬರುವ ಇಂಗ್ಲಿಷಿನಲ್ಲಿ, ನೇರವಾಗಿ, ನಮ್ಮ ಕುಟುಂಬದ ಮೇಲೆ ನಿಮಗೆ ಕೋಪವೇ ಎಂದು ಕೇಳಿದರು.

"ನೋ ನೋ ಮೇಡಂ" ಎಂದ ಅಪ್ಪ. ಅವನ ಇಂಗ್ಲಿಷು ಅಲ್ಲಿಗೆ ಮುಗಿಯಿತು. ಕೈ ಎಲೆಯ ಮೇಲೇ ಇತ್ತು. ನನ್ನ ಕಡೆ ತಿರುಗಿದ.

"ಪದ್ಮಿ, ಅವ್ರಿಗೆ ಸರಿಯಾಗಿ ಹೇಳವ್ವ. ನಮ್ಮಪ್ಪ ಬಾಣಾವರದ ಸ್ಟೇಷನ್ನಿಂದ ಹಳೇಬೀಡಿಗೆ ಎತ್ತಿನ ಗಾಡಿ ಹೊಡೀತಿದ್ದ. ಗಾಡಿ ಅವನದಲ್ಲ, ಯಜಮಾನ್ರದು. ರೈಲಲ್ಲಿ ದೂರದಿಂದ ಬಂದೋರ್ನ ಕೂರಿಸ್ಕೊಂಡು ಬರೋನು. ಅವ್ರು ಇಳಿದು ಒಳಗೋಗೋರು. ಇವನು ಎತ್ತು ಬಿಚ್ಚಿ, ಅವ್ರ ಜೋಡು ಕಾಯ್ಕೊಂಡು ಹೊರಗೆ ಕೂತಿರೋನು. ಆಗಿನ ಕಾಲ್ದಲ್ಲಿ ನಮ್ಮೋರು ಎಲ್ಲಿ ಕೂರ್ಬೇಕು ಅಂತ ಯಾರೂ ಬಾಯ್ಬಿಟ್ಟು ಹೇಳ್ಬೇಕಾಗಿರ್ಲಿಲ್ಲ. ಆಮೇಲೆ ಕಾಲ ಬದಲಾಯ್ತು, ಯಾರ್ ಬೇಕಾದ್ರೂ ಹೋಗ್ಬೋದು ಅಂತ ಆಯ್ತು. ಅಷ್ಟೊತ್ತಿಗೆ ಅವನಿಗೆ ಹೊರಗೆ ಕೂತೇ ಅಭ್ಯಾಸ ಆಗೋಗಿತ್ತು. ವಾಪಸ್ ಬರೋವಾಗ ಗಾಡೀಲಿ ಕೂತೋರು ಆನೆ ಹಂಗಿತ್ತು, ಕುದುರೆ ಹಿಂಗಿತ್ತು ಅಂತ ಮಾತಾಡ್ಕಂತಿದ್ರಲ್ಲ, ಅದನ್ನೇ ಕಿವಿಗಾಕ್ಕೊಂಡು ಮುಂದಿನ ಸಲ ಬಂದೋರಿಗೆ ಹೇಳೋನು. ನಮಗೂ ಹೇಳ್ದ. ಒಂದ್ಸಲಾನೂ ಕಣ್ಣಾರೆ ನೋಡ್ದೆ ಸತ್ತ. ಅವನು ನೋಡ್ದೆ ಇರೋದನ್ನ ನಾನು ಟಿಕೆಟ್ ಬಾಬು ಆದೆ ಅಂತ ಹೋಗಿ ನೋಡ್ಲಾ? ಮನಸ್ಸು ಬರಲ್ಲ."

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲವೆಂದು ಅವಳ ಮುಖವೇ ಹೇಳಿತು. ತಾತ ಗಾಡಿ ಹೊಡೆಯುತ್ತಿದ್ದನೆಂದು ಕೇಳಿದ್ದೆ. ಆದರೆ ಅವನ ಗಾಡಿಯಲ್ಲಿ ಬಂದವರು ಇಳಿದು ಒಳಗೆ ಹೋದ ಮೇಲೆ ಅವನು ಏನು ಮಾಡುತ್ತಿದ್ದ ಎಂದು ನಾನು ಯೋಚಿಸಿರಲೇ ಇಲ್ಲ.

"ಮತ್ತೆ ಕ್ಯಾಂಡಿ, ಅಪ್ಪಾ? ಅದು ನಿನ್ನ ಬುದ್ಧನ ಗುಡಿ ಅಲ್ವಾ?" ಎಂದಳು ರೇಣು.

"ದೊಡ್ಡ ಬಾಗ್ಲು ಕಂಡ್ರೆ ನನ್ನ ಕಾಲು ತಾನಾಗೇ ಪಕ್ಕಕ್ಕೆ ಹೋಯ್ತದೆ ಕಣವ್ವ. ಯಾರ ಗುಡಿ ಅಂತ ಕಾಲಿಗೇನು ಗೊತ್ತು? ಹೂವಿನ ತಟ್ಟೆ ಅಲ್ಲಿಟ್ಟಿದ್ದು ತೆಪ್ಪು. ಕೈ ಖಾಲಿ ಇರ್ಲಿಲ್ಲ, ಇಟ್ಬಿಟ್ಟೆ. ಆವತ್ತಿಂದ ಚುಚ್ತಾನೇ ಐತೆ. ಅದನ್ನೂ ಹೇಳು ಅವ್ರಿಗೆ."

ನಾನು ಹೇಳಿದೆ. ನಿಮಲ್ ತನ್ನ ತಾಯಿಯ ಕಿವಿಯ ಹತ್ತಿರ ಬಾಗಿ ಹೇಳಿದ. ಮೂರು ಭಾಷೆಗಳನ್ನು ದಾಟಿ ಆ ಮಾತು ಅವರಿಗೆ ಮುಟ್ಟುವಷ್ಟರಲ್ಲಿ ಹೋಟೆಲಿನವನು ಎರಡು ಸಲ ಬಂದು ಮಜ್ಜಿಗೆ ಬೇಕಾ ಎಂದು ಕೇಳಿ ಹೋಗಿದ್ದ. ಸೋಮಾ ಅಮ್ಮ ಅಪ್ಪನ ಕಡೆ ತಿರುಗಿ, ನಿಮ್ಮ ತಂದೆಯ ಹೆಸರೇನು ಎಂದು ಕೇಳಿದರು.

"ಹನುಮಯ್ಯ."

"ಹನುಮಯ್ಯ" ಎಂದು ಅವರೂ ಒಂದು ಸಲ ಹೇಳಿ ನೋಡಿದರು. ಆಮೇಲೆ ಮಗನಿಗೆ ನಿಧಾನವಾಗಿ ಏನೋ ಹೇಳಿದರು. ನಿಮಲ್ ನಮಗೆ ತಿಳಿಸಿದ್ದು ಇದು. ಅವರ ಕಡೆ ಒಂದು ಪದ್ಧತಿಯಿದೆ. ಒಳ್ಳೆಯ ಜಾಗಕ್ಕೆ ಹೋದರೆ, ಒಳ್ಳೆಯದನ್ನು ನೋಡಿದರೆ, ಒಂದು ಒಳ್ಳೆಯ ಕೆಲಸ ಮಾಡಿದರೆ, ಅದರ ಪುಣ್ಯವನ್ನು ತೀರಿಹೋದವರ ಹೆಸರು ಹೇಳಿ ಅವರಿಗೆ ಕೊಟ್ಟುಬಿಡುತ್ತಾರೆ. ಗಂಡ ಹೋದ ಮೇಲೆ ಅವರು ಎಲ್ಲಿ ಹೋದರೂ ಹಾಗೆಯೇ ಮಾಡುತ್ತಾರಂತೆ. ಇವತ್ತು ಬೆಳಿಗ್ಗೆ ನೋಡಿದ ಬೇಲೂರನ್ನೂ ಅಲ್ಲೇ ನಿಂತು ಗಂಡನಿಗೆ ಕೊಟ್ಟು ಬಂದರಂತೆ. "ನೀವು ನೋಡದೇ ಇದ್ರೆ, ಕೊಡೋದಕ್ಕೆ ನಿಮ್ಮ ಹತ್ರ ಏನಿರುತ್ತೆ ಅಂತ ಅಮ್ಮ ಕೇಳ್ತಿದ್ದಾರೆ" ಎಂದ ನಿಮಲ್, ರೇಣುವಿನಿಂದ ಕಲಿತ ತನ್ನ ತೊದಲು ಕನ್ನಡದಲ್ಲಿ.

ಬೇರೆ ಯಾರಾದರೂ ಈ ಮಾತು ಆಡಿದ್ದರೆ ಅಪ್ಪ ಸುಮ್ಮನೆ ಬಿಡುತ್ತಿರಲಿಲ್ಲ. ಪುಣ್ಯ, ಪಾಪ, ಪಿತೃ ಎಂದು ಬಂದವರನ್ನೆಲ್ಲ ವಾದದಲ್ಲಿ ಮಣ್ಣು ಮುಕ್ಕಿಸಿದ ಮನುಷ್ಯ. ಮಹಾಲಯದ ಎಡೆ ಇಡುವಾಗ ಅವ್ವನನ್ನು ಛೇಡಿಸದ ವರ್ಷವಿರಲಿಲ್ಲ. ಇವತ್ತು ಮಾತ್ರ, "ಹಂಗಾ?" ಎಂದು ಕೇಳಿದ.

"ಹಂಗೇರೀ. ನಾವು ಎಡೆ ಇಡಲ್ವಾ, ಹಂಗೇಯ" ಎಂದಳು ಅವ್ವ, ಸಿಕ್ಕಿದ ಸಮಯ ಬಿಡದೆ.

ಹಳೇಬೀಡಿಗೆ ಬಂದಾಗ ಬಿಸಿಲು ಇಳಿದಿತ್ತು. ರಜೆಯ ದಿನ, ಜನ ತುಂಬಿದ್ದರು. ಅಪ್ಪ ಗಾಡಿಯಿಂದ ಕೊನೆಗೆ ಇಳಿದ. ಪೇಪರು ಸೀಟಿನಲ್ಲೇ ಉಳಿಯಿತು. ನಾವೆಲ್ಲ ಚಪ್ಪಲಿ ಬಿಟ್ಟೆವು. ಅವನು ಅವುಗಳ ಮುಂದೆ ನಿಂತು ಅತ್ತ ಇತ್ತ ನೋಡಿದ. ರೇಣು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಚಪ್ಪಲಿ?" ಎಂದ ಅಪ್ಪ, ಯಾರನ್ನೂ ಉದ್ದೇಶಿಸದೆ.

ಸೋಮಾ ಅಮ್ಮ ಮುಂದೆ ನಡೆದಿದ್ದವರು ಮೆಟ್ಟಿಲ ಹತ್ತಿರ ನಿಂತು ತಿರುಗಿದರು. "ಬೀಗ್ರೇ, ಕಮ್" ಎಂದರು. ಬೀಗರ ಮಾತನ್ನು ತೆಗೆದುಹಾಕುವುದು ನಮ್ಮ ಕಡೆ ಸಣ್ಣ ವಿಷಯವಲ್ಲ, ಒಂದು ಸಲ ಗೊತ್ತಿಲ್ಲದೆ ಆಗಿಹೋಗಿತ್ತು, ಎರಡನೆಯ ಸಲ ಆಗಬಾರದು. ಅಪ್ಪ ಚಪ್ಪಲಿ ಕಳಚಿದ. ಮೆಟ್ಟಿಲವರೆಗೆ ಹೋದವನು ಅಲ್ಲೇ ನಿಂತುಬಿಟ್ಟ. ಹಿಂದೆ ಬಂದ ಜನ ಇಬ್ಬರ ಎರಡೂ ಕಡೆಯಿಂದ ಹತ್ತಿ ಹೋದರು. ಸೋಮಾ ಅಮ್ಮ ಕೈ ಹಿಡಿಯಲಿಲ್ಲ, ಅವಸರ ಮಾಡಲಿಲ್ಲ, ಅವನ ಪಕ್ಕದಲ್ಲಿ ಸುಮ್ಮನೆ ನಿಂತರು. ನನಗೆ ಒಳಗೊಳಗೇ ಅಳು ಬಂತು. ಬೇಡ ಬಿಡಪ್ಪಾ, ಬಾ ಹೊರಗೇ ಕೂರೋಣ ಎಂದು ಕೂಗಿ ಹೇಳಬೇಕೆನಿಸಿತು. ಅಷ್ಟರಲ್ಲಿ ಅವನು ಹತ್ತಿದ.

ದಾರಿಯುದ್ದಕ್ಕೂ ಮಾತಾಡುವ ಮನುಷ್ಯ ಅಲ್ಲಿ ಒಂದು ಮಾತೂ ಆಡಲಿಲ್ಲ. ಗೋಡೆಯ ಬುಡದಿಂದ ಶುರು ಮಾಡಿ ಬಗ್ಗಿ ಬಗ್ಗಿ ನೋಡುತ್ತ ಮೂಲೆ ಮೂಲೆಗೂ ತಿರುಗಿದ. ಎಲ್ಲೂ ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಕುದುರೆಗಳ ಸಾಲಿನ ಹತ್ತಿರ ನನ್ನನ್ನು ಕರೆದ.

"ನಮ್ಮಪ್ಪ ಹೇಳಿದ್ದು ಸರಿಯಾಗೇ ಐತೆ ಕಣವ್ವ. ಆನೆ, ಅದರ ಮ್ಯಾಲೆ ಸಿಂಹ, ಬಳ್ಳಿ, ಕುದುರೆ. ಒಂದೂ ಆಕಡೆ ಈಕಡೆ ಆಗಿಲ್ಲ ನೋಡು. ನೋಡ್ದೇನೇ ಹೇಳ್ತಿದ್ದ."

ಒಂದು ಸುತ್ತು ಮುಗಿದ ಮೇಲೆ ಜನ ಕಡಿಮೆಯಿದ್ದ ಮೂಲೆಯಲ್ಲಿ ಸೋಮಾ ಅಮ್ಮ ನಿಂತು ಕೈಮುಗಿದರು, ಅಪ್ಪನಿಗೂ ಹೀಗೆ ಎಂದು ಸನ್ನೆ ಮಾಡಿದರು. ತಾವೇ ಮೊದಲು ಮೆಲ್ಲಗೆ ಏನೋ ಹೇಳಿದರು, ಅದರ ನಡುವೆ ಹನುಮಯ್ಯ ಎಂಬುದೊಂದು ನನಗೆ ತಿಳಿಯಿತು. ಅಪ್ಪ ಕಣ್ಣು ಮುಚ್ಚಿದ. ಅವನಿಗೆ ಮಂತ್ರ ಗೊತ್ತಿರಲಿಲ್ಲ. "ಅಪ್ಪಾ, ನೋಡ್ದೆ. ತಗೋ" ಎಂದ, ಅಷ್ಟೇ. ನಮ್ಮಪ್ಪ ಅಳುವುದನ್ನು ನಾನು ನೋಡಿದ್ದು ಆವತ್ತೊಂದೇ. ಸೋಮಾ ಅಮ್ಮ ಸೆರಗಿನಿಂದ ತಮ್ಮ ಕಣ್ಣು ಒರೆಸಿಕೊಂಡರು. ಅವ್ವ ಮೂಗು ಸೀಟಿಕೊಂಡಳು. ನಡುವೆ ರೇಣುವಿನ ಮಗಳು ಮಾತ್ರ ಎಲ್ಲರ ಮುಖ ನೋಡಿ ನಕ್ಕಳು.

ಹೊರಗೆ ಬಂದೆವು. ನನ್ನ ಚಪ್ಪಲಿ, ಎಡದ್ದು ಒಂದು ಕಡೆ ಬಲದ್ದು ಒಂದು ಕಡೆ, ಇತ್ತು. ಸೋಮಾ ಅಮ್ಮನದು, ರೇಣುವಿನದು, ನಿಮಲ್‌ನದು, ಅವ್ವನದು, ಮಗುವಿನ ಬೆರಳುದ್ದದ ಬೂಟು, ಎಲ್ಲ ಇದ್ದವು. ಅಪ್ಪನದು ಇರಲಿಲ್ಲ. ಅದೇ ಬಣ್ಣದ ಇನ್ನೊಂದು ಜೊತೆ, ಅವನ ಕಾಲಿಗೆ ಬೆರಳು ಮಾತ್ರ ಹಿಡಿಸುವಂಥದ್ದು, ಆ ಜಾಗದಲ್ಲಿ ಬಿದ್ದಿತ್ತು. ಬಂದವರಲ್ಲಿ ಯಾರೋ ಅವಸರದಲ್ಲಿ ಬದಲಾಗಿ ಮೆಟ್ಟಿಕೊಂಡು ಹೋಗಿದ್ದರು. ಅವ್ವ ಸೊಂಟಕ್ಕೆ ಸೆರಗು ಸಿಗಿಸಿದಳು.

"ಯಾವನೋ ಅವನು ಕಣ್ಣಿಲ್ಲದೋನು! ಈ ದೀಪಾವಳಿಗೆ ತಗೊಂಡಿದ್ದಲ್ರೀ, ಹೊಸಾದು! ಒಂದಿನ, ಒಂದೇ ಒಂದಿನ ನೀವು..."

"ಬೈಬ್ಯಾಡ ಕಣೇ" ಎಂದ ಅಪ್ಪ. ಬರಿಗಾಲಲ್ಲಿ, ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದ. ಮುಖ ಅಷ್ಟು ಹಗುರವಾಗಿದ್ದುದನ್ನು ನಾನು ಯಾವತ್ತೂ ಕಂಡಿರಲಿಲ್ಲ. "ಕಾಯಕೆ ಯಾರಿದ್ರು ಹೇಳು? ಇವತ್ತು ನಾವೆಲ್ರೂ ಒಳಗಿದ್ವಲ್ಲ."